ಏಳು ಸಾವಿರದ ಆರುನೂರು ಸುತ್ತು

ಮೊದಲ ಬೆನ್ನು ನೋಡ್ರಿ ಸಾಹೇಬ್ರ, ಮಾರಿ ಆಮ್ಯಾಲೆ.
ಬಕಲು ತಿಕ್ಕಿ ತಿಕ್ಕಿ ಅಂಗೈ ಅಗಲ
ಕಟಗಿ ಬೆಳ್ಳಗಾಗೇತಿ.
ಬಣ್ಣ ಕಂಪನಿದಲ್ಲ. ಅದು ಬೋಗಿ ಬಣ್ಣ,
ವರ್ಕಶಾಪಿನ ಡಬ್ಬಿ ತಳದಾಗ ಉಳದದ್ದು.
ಗದಗ ಪ್ಯಾಸೆಂಜರೂ ಈ ಗಿಟಾರೂ
ಒಂದೇ ವರ್ಷ ಒಂದೇ ಕೆಂಪು ಉಟ್ಟಾವ.

ಜಪಾನಿನ ಮಾಲು. ಮರ್ಮಗೋವಾ ಬಂದರದಾಗ
ಹಡಗಿನವನೊಬ್ಬ ಇಸ್ಪೀಟಿನಾಗ ಸೋತು ಕೊಟ್ಟದ್ದಂತ.
ಟರ್ನರ್ ಬೆಂಜಮಿನ್ ಹಂಚಿನಮನಿ
ಕಂಬಳ್ಯಾಗ ಸುತ್ತಿ, ಲೋಂಡಾ ದಾಟಿಸಿ,
ತೊಡಿಮ್ಯಾಲೆ ಇಟಗೊಂಡು ತಂದ.
ನಂಬರಿನ ಪಟ್ಟಿ ಇಲ್ಲ. ಅದರ ತೂತು ಅದಾವ.
ಬಿರಡಿ ಆರು; ಐದು ಅದರವು, ಒಂದು ಎಮ್ಮಿಕೋಡಿಂದು.
ದನಿ ಏರಸೂ ಗುಂಡಿ ಸತ್ತ ರೇಡಿಯೋದ್ದು.
ಮೊದಲಿನ ಮೂರು ಫ್ರೆಟ್ ತಗ್ಗು ಬಿದ್ದಾವ,
ಹನ್ನೆರಡರಾಚೆ ಮದಿವಿ ಪಾತ್ರಿಯಂಗ ಹೊಳೀತಾವ:
ಶನಿವಾರ ಇನ್‌ಸ್ಟಿಟ್ಯೂಟಿನಾಗ ಕುಣ್ಯಾವರಿಗೆ
ಮೂರೇ ಮನಿ ಸಾಕಿದ್ವು, ಬೆಂಜಮಿನ್ನಗೂ ಅಷ್ಟ ಬರತಿದ್ವು.

ಕುತಗಿ ನಿನ್ನಿ ಬಿಚ್ಚಿದೆ.
ಸಂದಿನಾಗ ಒಂದು ಚೂರು ರಟ್ಟು, ರೈಲಿನ ತಿಕೀಟು.
‘ಹುಬ್ಬಳ್ಳಿ’ ಅಷ್ಟ ಉಳದೇತಿ,
ಹೋಗೂ ಊರು ಕತ್ತರಿಗೆ ಹೋಗೇತಿ.
ತಗದ್ರ ತಂತಿ ಎದ್ದು ನಿಂದ್ರತಾವ. ತಗದಿಲ್ಲ.

ಇನ್ನ ನಿಮ್ಮ ಮೀಟರಿನ ಮಾತು.
ಕುತಗಿ ಕಡೆ ಕಾಯಿಲ್ ಆರು ಕಿಲೋ ಓಮ್,
ಬುಡದ್ದು ಏಳು.
ಹುಬ್ಬು ಏರಿಸಿದ್ರಿ. ಯಾಕ ಅಂದ್ರಿ.

ಎಪ್ಪತ್ನಾಕು. ರೈಲ್ವೆ ಮುಷ್ಕರ.
ಬೆವರಿಳದು ಇಳದು ಕಾಯಿಲ್ ಸತ್ತಿತ್ತು,
ಕೆಲಸಿಲ್ಲದ ಬೆಂಜಮಿನ್ ದಿನಾ ನಮ್ಮ ಅಂಗಡಿ ಕಟ್ಟಿಮ್ಯಾಲೆ.
ನಮ್ಮಪ್ಪ ಪಂಪಸೆಟ್ ಮೋಟರ್ ಸುತ್ತಾವ,
ಇಂಥಾ ತಂತಿ ಹಿಡದಾವಲ್ಲ.
ನಲವತ್ತಾರು ಗೇಜು. ಸೀನಿದ್ರ ಹರೀತಿತ್ತು.
ಫ್ಯಾನ್ ಬಂದ್ ಮಾಡಿ, ಬಾಗಿಲಾ ಹಾಕಿ,
ಸೈಕಲ್ಲಿನ ಪೆಡಲಿಗೆ ಕಟ್ಟಿ ತಿರುವಿದ.
ನನಗ ಒಂಬತ್ತು ವರ್ಷ, ನಂದು ಲೆಕ್ಕದ ಕೆಲಸ:
ಅಂವ ‘ನೂರು’ ಅಂದಾಗೊಮ್ಮೆ
ತಾಟಿಗೊಂದು ಶೇಂಗಾಕಾಳು.
ಎಪ್ಪತ್ತಾರು ಕಾಳಾದ್ರ ಸುತ್ತು ಮುಗೀತು.

ಶೇಂಗಾ ಹುರದಿದ್ವು, ಸಾಹೇಬ್ರ.

ಹನ್ನೊಂದು ತಿಂದೆ. ಇಲ್ಲಾ ಹನ್ನೆರಡು.
ತಾಟು ನೋಡಿ ‘ಇನ್ನೂ ಆಗಿಲ್ಲೇನಲೇ?’ ಅಂದ ಅಪ್ಪ,
ತೋಳು ಝಾಡಿಸಿ ಮತ್ತ ತಿರುವಿದ.

ಮುಷ್ಕರ ಮುರದ ಮುಂದಿನ ಶನಿವಾರ
ಮೊದಲ ಏಟಿಗೇ ಕುಣ್ಯಾವರು ನಿಂತ್ರು.
ದನಿ ದಪ್ಪಾಗಿತ್ತು. ಹಿಂಡಿದ ಕಬ್ಬಿನ ಹಾಲು
ಕೊಪ್ಪರಿಗ್ಯಾಗ ಬೆಲ್ಲ ಆಗೂ ಮುಂದ ಗುದುಗುಡತದಲ್ಲಾ, ಹಂಗ.
ಬೆಂಜಮಿನ್ ಬಂದು ಅಪ್ಪನ ಎರಡೂ ಕೈ ಹಿಡಕೊಂಡ:
‘ಏನ ಮಾಡಿದಿ ತುಳಜಾನಸಾ?’
ಅಪ್ಪಗ ಗೊತ್ತಿದ್ರ ಹೇಳಾಂವ.

ಆಮ್ಯಾಲೆ ಮೂರು ಗಿಟಾರು ಬಂದ್ವು,
ಒಂದು ಧಾರವಾಡದಿಂದ, ಎರಡು ಬೆಳಗಾವಿಂದ, ಹೆಸರು ಕೇಳಿ.
ಈಗ ಅಪ್ಪ ತಾನೇ ಎಣಿಸಿದ, ಬಳಪ ಹಿಡದು, ಗ್ವಾಡಿಮ್ಯಾಲೆ,
ಏಳು ಸಾವಿರದ ಆರುನೂರು, ಒಂದು ಹೆಚ್ಚಿಲ್ಲ ಒಂದು ಕಮ್ಮಿಲ್ಲ.
ಆ ದನಿ ಬರಲಿಲ್ಲ.
ನಾಲ್ಕನೇದ್ದು ಬಂದಾಗ ಹೊಳ್ಳಿಸಿ ಕಳಿಸಿದ.
‘ಕೈ ಹೋತು’ ಅಂದ.
ಊಟಕ್ಕ ಕುಂತಾಗ ಅಂದ, ಯಾರಿಗೂ ಅಲ್ಲ,
ಚಟ್ನಿ ಕಲಸಿಕೋತ.
ನಾ ಎದುರಿಗೇ ಇದ್ದೆ. ಹದಿಮೂರಾಗಿತ್ತು ನನಗ,
ಹೇಳೂ ವಯಸ್ಸು.

ರೂತಕ್ಕ ಈಗ ಮಾರಾಕ ಬಂದಾಳ,
‘ನನಗ ನುಡಿಸಾಕ ಬರೂದಿಲ್ಲೋ ಅಣ್ಣಾ,
ಒರಸಿ ಒರಸಿ ಸಾಕಾತು’ ಅಂತಾಳ.
ನೀವು ಪುಣೆಯಿಂದ ಬಂದು
ಎಷ್ಟು ಒರಿಜಿನಲ್, ಎಷ್ಟು ರಿಪೇರಿ,
ಬರದು ಸಹಿ ಮಾಡಿಕೊಡು ಅಂತೀರಿ,
ಸುತ್ತಿನ ಲೆಕ್ಕ ಸುದ್ಧಾ.

ಬರೀತೇನಿ, ತಡೀರಿ.
ಬುಡದ ಕಾಯಿಲ್. ತಾಮ್ರ, ನಲವತ್ತಾರು ಗೇಜು.
ಸುತ್ತಿದವರು: ತುಳಜಾನಸಾ ಮೆಹರವಾಡೆ, ಕಮರಿಪೇಟಿ.
ಸುತ್ತು:

ರೂತಕ್ಕಾ, ನಿನ್ನ ಪೆನ್ನು ಕೊಡು.
ಇದು ಮೂಡವಲ್ದು.